ತಾಯಂದಿರ ಸಾವಿಗೆ ಕಾರಣ ಹುಡುಕಿದ ಡಾ. ಜೆರೂಷಾ ಝಿರಾಡ್

ಜೆರೂಷಾ ಝಿರಾಡ್ ಹುಟ್ಟಿದ್ದು 1891ರಲ್ಲಿ, ಅಂದಿನ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ. ಆಗ ಸಂಸ್ಥಾನದಲ್ಲಿ ಒಂದೇ ಒಂದು ಮೆಡಿಕಲ್ ಕಾಲೇಜೂ ಇರಲಿಲ್ಲ. ನಮ್ಮ ಮೈಸೂರು ಮೆಡಿಕಲ್ ಕಾಲೇಜು ಬೆಂಗಳೂರಿನಲ್ಲಿ ಆರಂಭವಾದದ್ದೇ 1924ರಲ್ಲಿ. ಮೈಸೂರಿಗೆ ಬಂದದ್ದು 1930ರಲ್ಲಿ. ಅಷ್ಟರಲ್ಲಾಗಲೇ ಶಿವಮೊಗ್ಗದ ಈ ಹೆಣ್ಣುಮಗಳು ಲಂಡನ್ನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು ಮರಳಿದ್ದರು.

ಝಿರಾಡ್ ಅವರದು ಬೆನೆ ಇಸ್ರೇಲ್ ಎಂಬ ಸಣ್ಣ ಯಹೂದಿ ಸಮುದಾಯ. ಶಾಲಾ ಶಿಕ್ಷಣ ಪುಣೆಯಲ್ಲಿ ನಡೆಯಿತು. ಬಾಲ್ಯದಲ್ಲಿ ಅಕ್ಕ ತೀವ್ರ ಕಾಯಿಲೆ ಬಿದ್ದು ಮುಂಬೈಯ ಕಾಮಾ ಆಸ್ಪತ್ರೆಯಲ್ಲಿ ಗುಣಮುಖರಾದರು. ಅದು 1886ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿಯೇ ತೆರೆದ, ವೈದ್ಯೆಯರೇ ನಡೆಸುತ್ತಿದ್ದ ಆಸ್ಪತ್ರೆ. ಪುರುಷ ವೈದ್ಯರ ಬಳಿ ಹೋಗಲು ಒಪ್ಪದ ಎಷ್ಟೋ ಮಹಿಳೆಯರಿಗೆ ಅದೇ ದಿಕ್ಕಾಗಿತ್ತು. ತಾನೂ ಡಾಕ್ಟರಾಗಬೇಕು, ಅಲ್ಲೇ ಕೆಲಸ ಮಾಡಬೇಕು ಎಂಬ ಆಸೆ ಪುಟ್ಟ ಜೆರೂಷಾಗೆ ಹುಟ್ಟಿದ್ದು ಆಗಲೇ.

ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ ವೈದ್ಯೆಯಾದ ಮೇಲೂ ಅವರು ಕಲಿಕೆ ನಿಲ್ಲಿಸಲಿಲ್ಲ. ವಿದೇಶದಲ್ಲಿ ಓದಲು ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದ ಮೊದಲ ಮಹಿಳೆ ಅವರು. ಮೊದಲ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಲಂಡನ್ನಿನಲ್ಲಿ ಓದಿ, 1919ರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಷಯದಲ್ಲಿ ಎಂ.ಡಿ. ಪದವಿ ಪಡೆದರು. ಸ್ವದೇಶಕ್ಕೆ ಮರಳಿ ದೆಹಲಿ ಮತ್ತು ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದರು. 1928ರಲ್ಲಿ ಅದೇ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆಯಾದ ಅವರು 1947ರವರೆಗೆ ಅಲ್ಲಿದ್ದರು.

ಅವರು ಹೆರಿಗೆ ಮಾಡಿಸುವುದಕ್ಕೇ ತಮ್ಮ ಕೆಲಸವನ್ನು ಸೀಮಿತಗೊಳಿಸಲಿಲ್ಲ. ತಾಯಂದಿರು ಏಕೆ ಸಾಯುತ್ತಿದ್ದಾರೆ ಎಂಬುದನ್ನೇ ಅಧ್ಯಯನದ ವಿಷಯವಾಗಿಸಿಕೊಂಡು, 1937-38ರಲ್ಲಿ ಮುಂಬೈ ನಗರದ ಬಾಣಂತಿ ಮರಣಗಳ ಬಗ್ಗೆ ತನಿಖೆ ನಡೆಸಿದರು. ಹೆರಿಗೆಯಲ್ಲಿ ಸತ್ತರೆ ಹಣೆಬರಹ ಎಂದು ಕೈಚೆಲ್ಲುತ್ತಿದ್ದ ಕಾಲ ಅದು. ರಕ್ತಹೀನತೆಯೇ, ನಂಜೇ, ರಕ್ತಸ್ರಾವವೇ, ಆಸ್ಪತ್ರೆಗೆ ತಡವಾಗಿ ಬಂದದ್ದೇ ಎಂದು ವಿಚಾರಿಸಿದರೆ ಮಾತ್ರ ಮುಂದಿನ ಸಾವನ್ನು ತಡೆಯಬಹುದು. ಒಬ್ಬ ರೋಗಿಯ ಚಿಕಿತ್ಸೆಯಿಂದ ಇಡೀ ಊರಿನ ತಾಯಂದಿರ ಆರೋಗ್ಯದತ್ತ ನೋಟ ಹರಿಸುವುದೇ ಸ್ನಾತಕೋತ್ತರ ಅಧ್ಯಯನದ ನಿಜವಾದ ಗುರಿ.

1950ರಲ್ಲಿ ದೇಶದ ಪ್ರಸೂತಿ ಮತ್ತು ಸ್ತ್ರೀರೋಗ ಸಂಘಗಳ ಒಕ್ಕೂಟವಾದ ಫಾಗ್ಸಿ ಸ್ಥಾಪನೆಯಾದಾಗ ಝಿರಾಡ್ ಅದರ ಅಧ್ಯಕ್ಷೆಯಾದರು. 1966ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ತೊಂಬತ್ತು ದಾಟಿದ ತುಂಬು ಜೀವನ ನಡೆಸಿ 1984ರಲ್ಲಿ ನಿಧನರಾದರು.

ಅವರು ಕೇಳಿದ ಪ್ರಶ್ನೆ ಇಂದಿಗೂ ಮುಗಿದಿಲ್ಲ. 2018-20ರ ಸರ್ಕಾರಿ ಅಂಕಿಅಂಶದಂತೆ, ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸಾವನ್ನಪ್ಪಿದರೆ, ನೆರೆಯ ಕೇರಳದಲ್ಲಿ ಆ ಸಂಖ್ಯೆ 19. ಈ ಅಂತರ ಕಡಿಮೆಯಾಗಬೇಕಾದರೆ ಕಲಿತವರು ಬೇಕು.

ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವ ನಮಗೆ ಈಗ ದಾರಿ ಹತ್ತಿರದಲ್ಲೇ ಇದೆ. ಎಂ.ಬಿ.ಬಿ.ಎಸ್. ನಂತರ ಮೂರು ವರ್ಷ ಓದಿ ಪ್ರಸೂತಿ, ಮಕ್ಕಳ ಚಿಕಿತ್ಸೆ ಅಥವಾ ಸಮುದಾಯ ಆರೋಗ್ಯದಲ್ಲಿ ತಜ್ಞರಾಗಬಹುದು. ವೈದ್ಯಕೀಯ ಸೀಟು ಸಿಗದಿದ್ದರೂ ನಿರಾಶರಾಗಬೇಕಿಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಒಂದಷ್ಟು ಕೆಲಸದ ಅನುಭವ ಪಡೆದು, ಎಂ.ಎಸ್ಸಿ.ಯಲ್ಲಿ ತಾಯಿ ಅಥವಾ ಮಕ್ಕಳ ಆರೈಕೆಯನ್ನೇ ವಿಶೇಷ ವಿಷಯವಾಗಿ ಓದಬಹುದು. ನಮ್ಮ ಊರಿನ ಚೆಲುವಾಂಬ ಆಸ್ಪತ್ರೆಯಲ್ಲೇ ಹಗಲಿರುಳು ಹೆರಿಗೆಗಳು ನಡೆಯುತ್ತವೆ; ಮುಂದಿನ ವೈದ್ಯರು ಕಲಿಯುವುದೂ ಅಲ್ಲೇ. ಝಿರಾಡ್ ಅವರಂತೆ ಸಮುದ್ರ ದಾಟಬೇಕಾಗಿಲ್ಲ. ಅವರಂತೆ ಏಕೆ ಎಂದು ಕೇಳುವ ಮನಸ್ಸು, ಕೊನೆಯವರೆಗೂ ಓದುವ ಛಲ ಇದ್ದರೆ ಸಾಕು.