ಸೀಸದ ಸುರುಳಿ ಸುತ್ತಿದ ಮನುಷ್ಯ: ಗ್ಯಾಸ್ಟನ್ ಪ್ಲಾಂಟೆ

ಕರೆಂಟ್ ಅಂದ ಕೂಡಲೇ ನಮಗೆ ನೆನಪಾಗೋ ಹೆಸರುಗಳು ವೋಲ್ಟಾ, ಫ್ಯಾರಡೆ, ಎಡಿಸನ್, ಟೆಸ್ಲಾ. ಆದರೆ ಕರೆಂಟ್ ಹೋದ ಕೂಡಲೇ ನೆನೆಯಬೇಕಾದ ಹೆಸರು ಬೇರೆಯೇ ಇದೆ. ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ಕಲ್ಮಲದಿಂದ ಹಿಡಿದು ಮಾನ್ವಿ, ದೇವದುರ್ಗದವರೆಗೆ ಎಷ್ಟೋ ಮನೆಗಳ ಪಡಸಾಲೆಯ ಮೂಲೆಯಲ್ಲಿ ಇನ್ವರ್ಟರ್ ಕೆಳಗೆ ಕೂತಿರುವ ಆ ಭಾರದ ಡಬ್ಬಿ ಇದೆಯಲ್ಲ, ಅದರ ಮೂಲಪುರುಷ ಗ್ಯಾಸ್ಟನ್ ಪ್ಲಾಂಟೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಿಂದ ಥರ್ಮಲ್ ಸ್ಟೇಷನ್ ಓಡ್ತಿದೆ, ಅದರ ಎಂಟು ಯೂನಿಟ್ ಸೇರಿದರೆ 1720 ಮೆಗಾವ್ಯಾಟ್. ಅಷ್ಟಿದ್ದರೂ ಬೇಸಿಗೆ ರಾತ್ರಿ ಲೈನ್ ಹೋದರೆ ಫ್ಯಾನ್ ತಿರುಗಿಸೋದು ಆ ಡಬ್ಬಿಯೇ. ಅದನ್ನು ಕಂಡುಹಿಡಿದವರ ಬದುಕು ತಿಳಿದರೆ, ಬ್ಯಾಟರಿ ಯಾಕೆ ಬೇಗ ಸಾಯ್ತದೆ ಅನ್ನೋದೂ ಅರ್ಥ ಆಗ್ತದೆ.

ಪ್ಲಾಂಟೆ ಹುಟ್ಟಿದ್ದು 1834ರ ಏಪ್ರಿಲ್ 22ರಂದು, ಫ್ರಾನ್ಸಿನ ದಕ್ಷಿಣದಲ್ಲಿ ಪಿರೆನೀಸ್ ಬೆಟ್ಟಗಳ ಹತ್ತಿರದ ಒರ್ತೆಜ್ ಎಂಬ ಸಣ್ಣ ಊರಲ್ಲಿ. ಅವರ ತಮ್ಮ ಫ್ರಾನ್ಸಿಸ್ ಮುಂದೆ ದೊಡ್ಡ ಪಿಯಾನೋ ವಾದಕರಾಗಿ ಹೆಸರು ಮಾಡಿದರು. ಮಕ್ಕಳು ಚಿಕ್ಕವರಿದ್ದಾಗಲೇ ಕುಟುಂಬ ಪ್ಯಾರಿಸ್‌ಗೆ ಬಂತು. ಗ್ಯಾಸ್ಟನ್ ಅಲ್ಲೇ ಓದಿ, 1854ರಲ್ಲಿ, ಅಂದರೆ ಸರಿಯಾಗಿ ನಮ್ಮ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ಸಂಸ್ಥೆಯಲ್ಲಿ ಭೌತಶಾಸ್ತ್ರದ ಸಹಾಯಕರಾಗಿ ಸೇರಿಕೊಂಡರು. ಅವರ ಮೇಲಿದ್ದವರು ಎಡ್ಮಂಡ್ ಬೆಕರೆಲ್. ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂದು 1839ರಲ್ಲಿ ತೋರಿಸಿದವರು ಅವರೇ. ಇವತ್ತಿನ ಸೋಲಾರ್ ಪ್ಯಾನೆಲ್‌ನ ಕಥೆ ಶುರುವಾಗೋದು ಅವರಿಂದ. ಸೋಲಾರ್ ಮತ್ತು ಬ್ಯಾಟರಿ ಎರಡರ ಪೂರ್ವಜರೂ ಒಂದೇ ಲ್ಯಾಬ್‌ನಲ್ಲಿ ಇದ್ದರು ಅಂದರೆ ಖುಷಿ ಆಗ್ತದೆ.

ಅವರು ಮೊದಲು ಹೆಸರು ಮಾಡಿದ್ದು ವಿದ್ಯುತ್ತಿನಲ್ಲಿ ಅಲ್ಲ! 1855ರಲ್ಲಿ ಪ್ಯಾರಿಸ್ ಹತ್ತಿರದ ಮ್ಯೂಡನ್‌ನಲ್ಲಿ ಅವರಿಗೆ ಒಂದು ಪಳೆಯುಳಿಕೆ ಸಿಕ್ಕಿತು. ಅದು ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ, ಹಾರಲಾಗದ ಒಂದು ದೈತ್ಯ ಹಕ್ಕಿಯ ಎಲುಬು. ಆಳೆತ್ತರಕ್ಕೂ ಮೀರಿದ ಆ ಹಕ್ಕಿಗೆ ವಿಜ್ಞಾನಿಗಳು ಗ್ಯಾಸ್ಟಾರ್ನಿಸ್ ಎಂದು ಹೆಸರಿಟ್ಟರು. ಗ್ಯಾಸ್ಟನ್‌ನ ಹಕ್ಕಿ ಅಂತ ಅದರ ಅರ್ಥ. ಇಪ್ಪತ್ತೊಂದನೇ ವಯಸ್ಸಿಗೇ ಒಂದು ಪ್ರಾಣಿಗೆ ತನ್ನ ಹೆಸರು ಅಂಟಿಸಿಕೊಂಡವರು ಅವರು.

ಆಮೇಲೆ ಅವರ ಮನಸ್ಸು ಒಂದು ವಿಚಿತ್ರ ತೊಂದರೆಯ ಕಡೆ ತಿರುಗಿತು. ಆಮ್ಲ ಬೆರೆಸಿದ ನೀರಿನಲ್ಲಿ ಎರಡು ಲೋಹದ ತಗಡು ಇಟ್ಟು ಕರೆಂಟ್ ಹಾಯಿಸಿದರೆ, ಸ್ವಲ್ಪ ಹೊತ್ತಾದ ಮೇಲೆ ಒಳಗಿಂದಲೇ ಎದುರು ಕರೆಂಟ್ ಹುಟ್ಟಿಕೊಳ್ತಿತ್ತು. ಇದನ್ನು ಪೋಲರೈಸೇಷನ್ ಅಂತಿದ್ದರು. ಇದನ್ನು ಮೊದಲು ಗಮನಿಸಿದವರು ಪ್ಲಾಂಟೆ ಅಲ್ಲ. 1801ರಲ್ಲೇ ಗೋತೆರೋ ಇದನ್ನು ಕಂಡಿದ್ದರು, ಅವರ ನಂತರ ಜರ್ಮನಿಯ ರಿಟ್ಟರ್ ಇದರ ಬೆನ್ನು ಹತ್ತಿದ್ದರು. ಆದರೆ ಹೆಚ್ಚಿನವರಿಗೆ ಅದು ಒಂದು ಕಾಟ. ಪ್ಲಾಂಟೆ ಅದನ್ನು ಉಳಿತಾಯದ ಪೆಟ್ಟಿಗೆ ಥರ ನೋಡಿದರು. ಎದುರು ಕರೆಂಟ್ ಬರ್ತಿದೆ ಅಂದರೆ ಹಾಕಿದ್ದು ಎಲ್ಲೋ ಒಳಗೆ ಉಳಿದಿದೆ ಅಂತಲೇ ಅರ್ಥ ತಾನೆ? ಹಾಗಾದರೆ ಯಾವ ಲೋಹ ಹೆಚ್ಚು ಉಳಿಸ್ತದೆ? ತಾಮ್ರ, ಬೆಳ್ಳಿ, ತವರ, ಚಿನ್ನ, ಪ್ಲಾಟಿನಂ, ಅಲ್ಯೂಮಿನಿಯಂ, ಹೀಗೆ ಒಂದೊಂದನ್ನೇ ಅವರು ಪರೀಕ್ಷಿಸಿದರು. ಗೆದ್ದದ್ದು ಎಲ್ಲರೂ ಕಡೆಗಣಿಸುವ ಸೀಸ.

1859ರಲ್ಲಿ ಅವರು ಎರಡು ಉದ್ದ ಸೀಸದ ತಗಡುಗಳನ್ನು ತಗೊಂಡು, ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆ ಇಟ್ಟು, ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದ ಗಾಜಿನ ಪಾತ್ರೆಯಲ್ಲಿ ಇಳಿಸಿದರು. ಆಮೇಲೆ ಬಟ್ಟೆಯ ಬದಲು ರಬ್ಬರ್ ಪಟ್ಟಿ ಬಂತು. 1860ರಲ್ಲಿ ಇಂಥ ಒಂಬತ್ತು ಸೆಲ್ ಜೋಡಿಸಿದ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು. ಖಾಲಿಯಾದರೆ ಬಿಸಾಕದೆ ಮತ್ತೆ ತುಂಬಿಸಿ ಬಳಸಬಹುದಾದ, ನಿಜವಾಗಿ ಕೆಲಸಕ್ಕೆ ಬರುವ ಮೊದಲ ಬ್ಯಾಟರಿ ಅದು.

ಸುರುಳಿ ಯಾಕೆ ಸುತ್ತಿದರು? ರಾಸಾಯನಿಕ ಕ್ರಿಯೆ ನಡೆಯೋದು ಸೀಸದ ಮೇಲ್ಮೈಯಲ್ಲಿ. ಮೇಲ್ಮೈ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಚಾರ್ಜ್ ಆದಾಗ ಒಂದು ತಗಡಿನ ಮೇಲೆ ಕಂದು ಬಣ್ಣದ ಸೀಸದ ಡೈಆಕ್ಸೈಡ್, ಇನ್ನೊಂದರ ಮೇಲೆ ಸ್ಪಂಜಿನಂಥ ಬೂದು ಸೀಸ ಇರ್ತದೆ. ಡಿಸ್ಚಾರ್ಜ್ ಆಗ್ತಾ ಎರಡೂ ಸೀಸದ ಸಲ್ಫೇಟ್ ಆಗ್ತಾವೆ, ಆಮ್ಲ ಖರ್ಚಾಗಿ ನೀರು ಹೆಚ್ಚಾಗ್ತದೆ. ಒಂದು ಸೆಲ್‌ಗೆ ಸುಮಾರು 2 ವೋಲ್ಟ್. ಆರು ಸೆಲ್ ಸೇರಿದರೆ ನಮ್ಮ ಮನೆಯ 12 ವೋಲ್ಟ್ ಬ್ಯಾಟರಿ. ಅಂದಿಗೂ ಇಂದಿಗೂ ಕೆಮಿಸ್ಟ್ರಿ ಒಂದೇ.

ಆದರೆ ಕಷ್ಟ ಇದ್ದದ್ದು ಇಲ್ಲಿ. ನುಣುಪಾದ ಹೊಸ ಸೀಸ ಹೆಚ್ಚು ಹಿಡಿಯಲ್ಲ. ಚಾರ್ಜ್ ಮಾಡು, ಖಾಲಿ ಮಾಡು, ದಿಕ್ಕು ಬದಲಿಸಿ ಮತ್ತೆ ಚಾರ್ಜ್ ಮಾಡು, ಸುಮ್ಮನೆ ಬಿಡು, ಮತ್ತೆ ಶುರು ಮಾಡು. ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಡಿದರೆ ಮಾತ್ರ ಸೀಸದ ಮೈ ಒಳಗೊಳಗೆ ಸ್ಪಂಜಾಗಿ ಸಾಮರ್ಥ್ಯ ಏರ್ತಿತ್ತು. ಇದಕ್ಕೆ ಅವರು ಫಾರ್ಮೇಷನ್ ಎಂದರು. ಫ್ಯಾಕ್ಟರಿಯಲ್ಲಿ ಹೊಸ ಬ್ಯಾಟರಿಯ ಮೊದಲ ಚಾರ್ಜ್‌ಗೆ ಇವತ್ತಿಗೂ ಅದೇ ಪದ. ಅದರ ಮೇಲೆ ಇನ್ನೊಂದು ತೊಡಕು: ಚಾರ್ಜ್ ಮಾಡಲು ಡೈನಮೋನೇ ಇರಲಿಲ್ಲ! ಸತು ತಿನ್ನುವ, ನೈಟ್ರಿಕ್ ಆಮ್ಲದ ಕೆಟ್ಟ ಹೊಗೆ ಬಿಡುವ ಬುನ್ಸನ್ ಸೆಲ್‌ಗಳಿಂದ ಚಾರ್ಜ್ ಮಾಡಬೇಕಿತ್ತು. ಒಂದು ಬ್ಯಾಟರಿ ಖಾಲಿ ಮಾಡಿ ಇನ್ನೊಂದು ತುಂಬಿಸೋದು ಯಾವ ಲೆಕ್ಕದಲ್ಲಿ ಲಾಭ? ಗ್ರಾಂ ಎಂಬಾತ ಡೈನಮೋ ತೋರಿಸಿದ್ದು 1871ರಲ್ಲಿ. ಅಂದರೆ ಹತ್ತು ವರ್ಷಕ್ಕೂ ಮಿಕ್ಕಿ ಪ್ಲಾಂಟೆ ಅವರ ಬ್ಯಾಟರಿಗೆ ಮಾರುಕಟ್ಟೆಯೂ ಇಲ್ಲ, ಸರಿಯಾದ ಚಾರ್ಜರೂ ಇಲ್ಲ. ಪ್ಲೇಸ್‌ಮೆಂಟ್ ಲೆಕ್ಕದಲ್ಲಿ ನೋಡಿದರೆ ಸ್ಕೋಪ್ ಇಲ್ಲದ ಪ್ರಾಜೆಕ್ಟ್. ಅವರು ಬಿಡಲಿಲ್ಲ.

ಬಿಡದೆ ಏನೇನೋ ಮಾಡಿದರು. ಪ್ಲಾಟಿನಂ ತಂತಿ ಕಾಯಿಸಿ ಮೇಣದಬತ್ತಿ ಹಚ್ಚುವ ಒಂದು ಸಣ್ಣ ಪೆಟ್ಟಿಗೆ ಮಾಡಿ ಅದಕ್ಕೆ ಶನಿಯ ಲೈಟರ್ ಎಂಬರ್ಥದ ಹೆಸರಿಟ್ಟರು. ನಮ್ಮಲ್ಲಿ ಶನಿಗೆ ಕಬ್ಬಿಣ, ಯುರೋಪಿನ ಹಳೇ ರಸವಾದಿಗಳ ಪ್ರಕಾರ ಶನಿಗೆ ಸೀಸ. ನೂರಾರು ಸೆಲ್ ಸಾಲಾಗಿ ಜೋಡಿಸಿ ದೊಡ್ಡ ಕಿಡಿಗಳನ್ನು ಹುಟ್ಟಿಸಿ, ಗುಂಡು ಸಿಡಿಲು, ಧ್ರುವಪ್ರಭೆಗಳಂಥ ಪ್ರಕೃತಿಯ ಆಟಗಳನ್ನು ಮೇಜಿನ ಮೇಲೆ ತೋರಿಸಲು ನೋಡಿದರು. ಕೆಪಾಸಿಟರ್‌ಗಳನ್ನು ಪ್ಯಾರಲಲ್ ಆಗಿ ಚಾರ್ಜ್ ಮಾಡಿ ಸೀರೀಸ್‌ನಲ್ಲಿ ಬಿಡುವ ರಿಯೋಸ್ಟ್ಯಾಟಿಕ್ ಯಂತ್ರ ಕಟ್ಟಿದರು. ಹೈ ವೋಲ್ಟೇಜ್ ಪಾಠದಲ್ಲಿ ಬರುವ ಮಾರ್ಕ್ಸ್ ಜನರೇಟರ್‌ನ ಯೋಚನೆಯೂ ಇದೇ. ಇಪ್ಪತ್ತು ವರ್ಷದ ಈ ಕೆಲಸವನ್ನೆಲ್ಲ 1879ರಲ್ಲಿ ಒಂದು ಪುಸ್ತಕವಾಗಿ ಪ್ರಕಟಿಸಿದರು.

1881ರಲ್ಲಿ ಎಲ್ಲ ಬದಲಾಯ್ತು. ಕಮಿಲ್ ಫೋರ್ ಎಂಬವರು ಸೀಸದ ಆಕ್ಸೈಡನ್ನು ಹಿಟ್ಟಿನಂತೆ ಕಲಸಿ ತಗಡಿಗೆ ಮೆತ್ತಿದರು. ತಿಂಗಳುಗಟ್ಟಲೆ ಫಾರ್ಮೇಷನ್ ಮಾಡೋದು ತಪ್ಪಿತು. ಆ ಪೇಸ್ಟ್ ಉದುರದಂತೆ ಹಿಡಿಯಲು ಜಾಲರಿ ಪ್ಲೇಟ್ ಬಂತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನ ನಡೆಯಿತು. ಕರೆಂಟ್ ಅಳತೆಗೆ ಆಂಪಿಯರ್ ಎಂಬ ಹೆಸರು ಒಪ್ಪಿಕೊಂಡದ್ದೂ ಆಗ ಸೇರಿದ ಸಮ್ಮೇಳನದಲ್ಲೇ. ಅಂದರೆ ಪ್ಲಾಂಟೆ ತಮ್ಮ ಬ್ಯಾಟರಿ ಮಾಡುವಾಗ ಅದರ ಮೇಲೆ ಇಷ್ಟು ಆಂಪಿಯರ್-ಅವರ್ ಅಂತ ಬರೆಯೋಕೆ ಯೂನಿಟ್ಟೇ ಇರಲಿಲ್ಲ. 1889ರ ಮೇ 21ರಂದು, ಪ್ಯಾರಿಸ್ ಬಳಿಯ ಬೆಲ್‌ವ್ಯೂನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಐವತ್ತೈದು ವರ್ಷ. ಹತ್ತು ವರ್ಷದ ನಂತರ, 1899ರಲ್ಲಿ, ಸೀಸದ ಬ್ಯಾಟರಿ ಹಾಕಿದ ಎಲೆಕ್ಟ್ರಿಕ್ ಕಾರೊಂದು ಗಂಟೆಗೆ 100 ಕಿಲೋಮೀಟರ್ ದಾಟಿ ಓಡಿತು. ಅದನ್ನು ನೋಡಲು ಅವರಿರಲಿಲ್ಲ.

ಈಗ ಅವರ ಮೇಜಿನಿಂದ ನಮ್ಮ ಮನೆಗೆ ಬರೋಣ. ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ತಿಳಿದಿರಬೇಕಾದದ್ದೆಲ್ಲ ಅವರು ಕಂಡ ಮೂರು ಸಂಗತಿಗಳಲ್ಲೇ ಇದೆ.

ಮೊದಲನೆಯದು ಮೇಲ್ಮೈ. ಕಾರಿನ ಬ್ಯಾಟರಿಯಲ್ಲಿ ತೆಳು ಪ್ಲೇಟ್ ಬಹಳ ಇರ್ತಾವೆ, ಸ್ಟಾರ್ಟ್ ಆಗುವ ಕೆಲವೇ ಸೆಕೆಂಡ್ ಭಾರೀ ಕರೆಂಟ್ ಕೊಡೋಕೆ. ಅದನ್ನು ಗಂಟೆಗಟ್ಟಲೆ ಹಿಂಡಿದರೆ ಪೇಸ್ಟ್ ಉದುರಿ ಬೇಗ ಹಾಳಾಗ್ತದೆ, ಇನ್ವರ್ಟರ್‌ಗೆ ಹಾಕಬಾರದು. ಅಪರೂಪಕ್ಕೆ ಕರೆಂಟ್ ಹೋಗುವ ಊರಿಗೆ ಫ್ಲಾಟ್ ಪ್ಲೇಟ್ ಸಾಕು. ದಿನಾ ಹೋಗುವ ಊರಿಗೆ ಟ್ಯೂಬ್ಯುಲರ್ ಬೇಕು. ಅದರಲ್ಲಿ ಪಾಸಿಟಿವ್ ಪ್ಲೇಟ್‌ನ ಪೇಸ್ಟನ್ನು ಕೊಳವೆಯಂಥ ಚೀಲಗಳಲ್ಲಿ ತುಂಬಿರ್ತಾರೆ, ಉದುರಲ್ಲ.

ಅಳತೆ ಹೇಗೆ? ಎರಡು ಫ್ಯಾನ್ 150 ವ್ಯಾಟ್, ಐದು ಎಲ್‌ಇಡಿ ಬಲ್ಬ್ 45, ಲ್ಯಾಪ್‌ಟಾಪ್ 60, ರೌಟರ್ 10. ಒಟ್ಟು 265 ವ್ಯಾಟ್. ನಾಲ್ಕು ಗಂಟೆಗೆ 1060 ವ್ಯಾಟ್-ಅವರ್. ಇನ್ವರ್ಟರ್‌ನಲ್ಲಿ ಆಗುವ ನಷ್ಟ ಹಿಡಿದು 0.8ರಿಂದ ಭಾಗಿಸಿದರೆ 1325. ಅದನ್ನು 12ರಿಂದ ಭಾಗಿಸಿದರೆ 110 ಆಂಪಿಯರ್-ಅವರ್. ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು, ಶೇಕಡಾ 80 ಮಾತ್ರ ಬಳಸೋಣ ಅಂದರೆ 138. ಹಾಗಾದರೆ 150 ಸಾಕಾ? ಇಲ್ಲೊಂದು ಮರ್ಮ ಇದೆ. ಡಬ್ಬಿ ಮೇಲಿನ 150 ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನ ಖಾಲಿ ಮಾಡಿದಾಗಿನ ಲೆಕ್ಕ, ಅಂದರೆ 7.5 ಆಂಪಿಯರ್. ನಮ್ಮ ಲೋಡ್ ಎಳೆಯೋದು 27 ಆಂಪಿಯರ್‌ಗೂ ಹೆಚ್ಚು. ವೇಗವಾಗಿ ಎಳೆದಷ್ಟೂ ಸಿಗೋದು ಕಡಿಮೆ ಅಂತ 1897ರಲ್ಲಿ ಪಾಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ ಲೆಕ್ಕ ಕೊಟ್ಟರು. ಹಾಗಾಗಿ ದಿನಾ ನಾಲ್ಕು ಗಂಟೆ ಕರೆಂಟ್ ಹೋಗುವ ಕಡೆ 180 ಅಥವಾ 200 ತಗೊಳ್ಳೋದೇ ಜಾಣತನ.

ಎರಡನೆಯದು ಸಲ್ಫೇಟ್. ಬ್ಯಾಟರಿ ಖಾಲಿಯಾಗಿ ಹಾಗೇ ದಿನಗಟ್ಟಲೆ ಉಳಿದರೆ, ಮೆತ್ತಗಿನ ಸಲ್ಫೇಟ್ ಗಟ್ಟಿ ಹರಳಾಗ್ತದೆ. ಆಮೇಲೆ ಚಾರ್ಜ್ ಮಾಡಿದರೂ ಕರಗಲ್ಲ. ಪ್ಲಾಂಟೆ ತಿಂಗಳುಗಟ್ಟಲೆ ಕಷ್ಟಪಟ್ಟು ಹೆಚ್ಚಿಸಿದ ಮೇಲ್ಮೈಯನ್ನು ನಾವು ಅಲಕ್ಷ್ಯದಿಂದ ಕಳೆಯೋದು ಹೀಗೆ. ರಜೆಗೆ ಮನೆಗೆ ಬೀಗ ಹಾಕಿ ಹೋಗೋದಿದ್ದರೆ ಪೂರ್ತಿ ಚಾರ್ಜ್ ಮಾಡಿ ವೈರ್ ಬಿಚ್ಚಿಡಿ. ಚಾರ್ಜ್ ಎಷ್ಟಿದೆ ಅಂತ ಹೈಡ್ರೋಮೀಟರ್ ಹೇಳ್ತದೆ: ತುಂಬಿದಾಗ ಕಂಪನಿಗೆ ತಕ್ಕಂತೆ 1.24ರಿಂದ 1.28, ಖಾಲಿಯಾದಾಗ 1.15ರ ಆಸುಪಾಸು. ಆರು ಸೆಲ್‌ಗಳಲ್ಲಿ ಒಂದು ಮಾತ್ರ ಬಹಳ ಕಡಿಮೆ ತೋರಿಸಿದರೆ ಆ ಸೆಲ್ ಕೈಕೊಡ್ತಿದೆ ಅಂತ ಅರ್ಥ.

ಮೂರನೆಯದು ನೀರು. ಚಾರ್ಜ್ ತುಂಬಿದ ಮೇಲೂ ಕರೆಂಟ್ ಹಾಯ್ತಿದ್ದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗ್ತದೆ. ನಮ್ಮ ರಾಯಚೂರು ಬಿಸಿಲಲ್ಲಿ ಇದು ಇನ್ನೂ ಜೋರು. ಶಾಖ 10 ಡಿಗ್ರಿ ಏರಿದರೆ ಬ್ಯಾಟರಿ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗ್ತದೆ ಅನ್ನೋದು ರೂಢಿಯ ಲೆಕ್ಕ. ಅದಕ್ಕೇ ಬಿಸಿಲು ಬೀಳುವ ಮಾಳಿಗೆ, ತಗಡಿನ ಶೆಡ್ ಬೇಡ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರಿನ ಲವಣ ಪ್ಲೇಟ್ ಕೆಡಿಸ್ತದೆ, ಕುಡಿಯುವ ಫಿಲ್ಟರ್ ನೀರೂ ನಡೆಯಲ್ಲ. ಆಮ್ಲ ಅಂತೂ ಹಾಕಲೇಬಾರದು, ಆರಿ ಹೋದದ್ದು ನೀರು, ಆಮ್ಲ ಅಲ್ಲ. ಚಾರ್ಜ್ ಆದಾಗ ದ್ರವ ಉಬ್ಬುವುದರಿಂದ, ಚಾರ್ಜ್ ಮುಗಿದ ಮೇಲೆ ನೀರು ಹಾಕಿದರೆ ಚೆಲ್ಲಲ್ಲ. ಗಾಳಿಯಾಡುವ ಜಾಗ ಇರಲಿ, ಹೈಡ್ರೋಜನ್ ಇರುವ ಕಡೆ ಬೆಂಕಿಕಡ್ಡಿ ಗೀರಬೇಡಿ. ಟರ್ಮಿನಲ್ ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಕಣ್ಣಿಗೆ ಆಮ್ಲ ಸಿಡಿದರೆ ತಡ ಮಾಡದೆ ತುಂಬಾ ನೀರಿನಿಂದ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಹಳೇ ಬ್ಯಾಟರಿಯನ್ನು ಒಡೆದು ಸೀಸ ಕರಗಿಸುವವರಿಗೆ ಕೊಡಬೇಡಿ, ಆ ಹೊಗೆ ಮಕ್ಕಳ ಮಿದುಳಿಗೆ ವಿಷ. ಅಂಗಡಿಗೇ ವಾಪಸ್ ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗ್ತದೆ.

ಈಗ ಲಿಥಿಯಂ ಬಂದಿದೆ. ನೀರು ಹಾಕೋದು ಬೇಡ, ಹಗುರ, ಆಯಸ್ಸೂ ಹೆಚ್ಚು. ಆದರೆ ಬೆಲೆ ಜಾಸ್ತಿ, ಇನ್ವರ್ಟರ್ ಅದಕ್ಕೆ ಹೊಂದುವಂಥದ್ದೇ ಆಗಿರಬೇಕು. ಮುಂದೊಂದು ದಿನ ಮನೆಗಳಿಂದ ಸೀಸ ಹೋಗಬಹುದು. ಸದ್ಯಕ್ಕಂತೂ ಅದು ಗಟ್ಟಿಯಾಗಿ ಕೂತಿದೆ. ಸಬ್‌ಸ್ಟೇಷನ್‌ಗೆ ಇಂಡಸ್ಟ್ರಿಯಲ್ ವಿಸಿಟ್ ಹೋದರೆ ಟ್ರಾನ್ಸ್‌ಫಾರ್ಮರ್ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಬ್ಯಾಟರಿ ರೂಮ್ ತೋರಿಸಿ ಅಂತ ಕೇಳಿ. ಇಡೀ ಲೈನ್ ಸತ್ತಾಗಲೂ ರಿಲೇ ಕೆಲಸ ಮಾಡಿ ಬ್ರೇಕರ್ ಬೀಳಬೇಕಾದರೆ ಅಲ್ಲಿ ಸಾಲಾಗಿ ನಿಂತ ಸೆಲ್‌ಗಳೇ ಬೇಕು. ಪೇಸ್ಟ್ ಇಲ್ಲದ, ಶುದ್ಧ ಸೀಸದ ದಪ್ಪ ಪ್ಲೇಟಿನ ಸೆಲ್‌ಗಳನ್ನೂ ಇಂಥ ಕೆಲಸಕ್ಕೆ ಬಳಸ್ತಾರೆ, ಇಪ್ಪತ್ತು ವರ್ಷವೂ ಬಾಳ್ತಾವೆ. ಅವುಗಳ ಹೆಸರು ಇಂದಿಗೂ ಪ್ಲಾಂಟೆ ಸೆಲ್.