ಮರ್ಲಾನ್ ಬ್ರಾಂಡೊ

ಮರ್ಲಾನ್ ಬ್ರಾಂಡೊ (3 ಏಪ್ರಿಲ್ 1924 – 1 ಜುಲೈ 2004) ಅಮೆರಿಕದ ಪ್ರಸಿದ್ಧ ರಂಗಭೂಮಿ ಹಾಗೂ ಚಲನಚಿತ್ರ ನಟರು. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಭಾವಶಾಲಿ ನಟರಲ್ಲಿ ಒಬ್ಬರೆಂದು ಇವರನ್ನು ಪರಿಗಣಿಸಲಾಗುತ್ತದೆ. ಆನ್ ದಿ ವಾಟರ್‌ಫ್ರಂಟ್ (1954) ಮತ್ತು ದಿ ಗಾಡ್‌ಫಾದರ್ (1972) ಚಿತ್ರಗಳ ಅಭಿನಯಕ್ಕಾಗಿ ಇವರು ಎರಡು ಬಾರಿ ಅತ್ಯುತ್ತಮ ನಟ ಆಸ್ಕರ್ ಪ್ರಶಸ್ತಿಗೆ ಆಯ್ಕೆಯಾದರು. 1953ರ ದಿ ವೈಲ್ಡ್ ಒನ್ ಚಿತ್ರದಲ್ಲಿ ಇವರು ನಿರ್ವಹಿಸಿದ ಜಾನಿ ಸ್ಟ್ರಾಬ್ಲರ್ ಪಾತ್ರವು ಕಾನೂನಿಗೆ ಬಗ್ಗದ ಬೈಕ್ ಸವಾರನ ಸಿದ್ಧರೂಪವೊಂದನ್ನು ಸಿನಿಮಾಕ್ಕೆ ಒದಗಿಸಿತು. ಕಾಲಕ್ರಮೇಣ ನಿಜಜೀವನದ ಬೈಕ್ ಸವಾರರೇ ಆ ರೂಪವನ್ನು ಅನುಸರಿಸತೊಡಗಿದರು.

ಆರಂಭಿಕ ಜೀವನ

ಬ್ರಾಂಡೊ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಜನಿಸಿದರು. ತಂದೆ ಮಾರಾಟ ಪ್ರತಿನಿಧಿಯಾಗಿದ್ದರು. ತಾಯಿ ಡೊರೊಥಿ ರಂಗನಟಿ. ಒಮಾಹಾ ಸಮುದಾಯ ರಂಗಮಂದಿರದಲ್ಲಿ ಯುವಕ ಹೆನ್ರಿ ಫೋಂಡಾ ಅವರನ್ನು ಅಭಿನಯಕ್ಕೆ ಪ್ರೋತ್ಸಾಹಿಸಿದವರು. ತಾಯಿಯ ಮದ್ಯವ್ಯಸನ ಮತ್ತು ತಂದೆಯ ಕಠೋರ ಸ್ವಭಾವದಿಂದಾಗಿ ಬಾಲ್ಯದಲ್ಲಿ ನೆಮ್ಮದಿಯಿರಲಿಲ್ಲ. ಇಲಿನಾಯ್ ರಾಜ್ಯದ ಲಿಬರ್ಟಿವಿಲ್ ಪ್ರೌಢಶಾಲೆಯ ಮೊಗಸಾಲೆಯಲ್ಲಿ ಮೋಟರ್‌ಸೈಕಲ್ ಓಡಿಸಿದ್ದಕ್ಕಾಗಿ ಇವರನ್ನು ಹೊರಹಾಕಲಾಯಿತೆಂಬ ಪ್ರತೀತಿಯಿದೆ. ಬಳಿಕ ಸೇರಿದ ಮಿನ್ನೆಸೋಟದ ಷಾಟಕ್ ಸೈನಿಕ ಶಾಲೆಯಿಂದಲೂ 1943ರಲ್ಲಿ ಹೊರಬೀಳಬೇಕಾಯಿತು.

ರಂಗಭೂಮಿಯಿಂದ ಚಿತ್ರರಂಗಕ್ಕೆ

ಅದೇ ವರ್ಷ ನ್ಯೂಯಾರ್ಕ್‌ಗೆ ತೆರಳಿದ ಬ್ರಾಂಡೊ, ಅಲ್ಲಿ ಸ್ಟೆಲ್ಲಾ ಆಡ್ಲರ್ ಅವರಲ್ಲಿ ಅಭಿನಯವನ್ನು ಅಭ್ಯಾಸ ಮಾಡಿದರು. 1947ರ ಡಿಸೆಂಬರ್‌ನಲ್ಲಿ ಇಲಿಯಾ ಕಜಾನ್ ನಿರ್ದೇಶಿಸಿದ ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್ ನಾಟಕದ ಸ್ಟ್ಯಾನ್ಲಿ ಕೊವಾಲ್ಸ್ಕಿ ಪಾತ್ರವು ಇವರಿಗೆ ಖ್ಯಾತಿ ತಂದಿತು. ಮೊದಲ ಚಲನಚಿತ್ರ ದಿ ಮೆನ್ (1950). ಯುದ್ಧದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕನ ಪಾತ್ರಕ್ಕಾಗಿ ಇವರು ಅಂಥ ಸೈನಿಕರೊಡನೆ ಆಸ್ಪತ್ರೆಯಲ್ಲಿ ಕೆಲವು ವಾರ ಕಳೆದರು. ಈ ಚಿತ್ರದ ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್ ಅವರೇ ಮುಂದೆ ದಿ ವೈಲ್ಡ್ ಒನ್ ಚಿತ್ರವನ್ನು ನಿರ್ಮಿಸಿದರು.

ಹಾಲಿಸ್ಟರ್ ಘಟನೆ

ದಿ ವೈಲ್ಡ್ ಒನ್ ಚಿತ್ರದ ಮೂಲ ಒಂದು ನೈಜ ಘಟನೆಯಲ್ಲಿದೆ. 1947ರ ಜುಲೈ 4ರ ವಾರಾಂತ್ಯದಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಪಟ್ಟಣದಲ್ಲಿ ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ನಿನ ಬೈಕ್ ಮೇಳ ನಡೆಯಿತು. ಸುಮಾರು 4,500 ಜನಸಂಖ್ಯೆಯ ಆ ಪಟ್ಟಣಕ್ಕೆ ಸುಮಾರು 4,000 ಸವಾರರು ಬಂದರು. ಕುಡಿತ, ಬೀದಿಯಲ್ಲೇ ಬೈಕ್ ಪಂದ್ಯ, ಹೊಡೆದಾಟಗಳು ನಡೆದವು, ಹಲವರು ಗಾಯಗೊಂಡರು, ಹಲವರ ಬಂಧನವಾಯಿತು, ಸಾವು ಸಂಭವಿಸಲಿಲ್ಲ. ಬಿಯರ್ ಬಾಟಲಿಗಳ ರಾಶಿಯ ನಡುವೆ ಬೈಕಿನ ಮೇಲೆ ಒರಗಿ ಕುಳಿತ ವ್ಯಕ್ತಿಯೊಬ್ಬನ ಛಾಯಾಚಿತ್ರ ಲೈಫ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಘಟನೆಯು ದೇಶವ್ಯಾಪಿ ಸುದ್ದಿಯಾಯಿತು. ಛಾಯಾಚಿತ್ರಕ್ಕಾಗಿಯೇ ಬಾಟಲಿಗಳನ್ನು ಜೋಡಿಸಲಾಗಿತ್ತೆಂದು ಪ್ರತ್ಯಕ್ಷದರ್ಶಿಯೊಬ್ಬರು ಅನಂತರ ತಿಳಿಸಿದ್ದಾರೆ.

ಈ ಘಟನೆಯಿಂದ ಪ್ರೇರಿತವಾದ ಫ್ರಾಂಕ್ ರೂನಿ ಅವರ ಸಣ್ಣಕಥೆ 1951ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಥೆಯು ಊರಿನ ಹೋಟೆಲ್ ಮಾಲೀಕನ ದೃಷ್ಟಿಯಿಂದ ನಿರೂಪಿತವಾಗಿದ್ದು, ಸವಾರರು ಅದರಲ್ಲಿ ಬಹುಮಟ್ಟಿಗೆ ಮುಖವಿಲ್ಲದ ಗುಂಪಾಗಿಯೇ ಉಳಿಯುತ್ತಾರೆ. ಚಲನಚಿತ್ರವು ಗುಂಪಿನ ನಾಯಕನನ್ನೇ ಕೇಂದ್ರಕ್ಕೆ ತಂದಿತು.

ದಿ ವೈಲ್ಡ್ ಒನ್

ಲಾಸ್ಲೊ ಬೆನೆಡೆಕ್ ನಿರ್ದೇಶಿಸಿದ ಈ ಚಿತ್ರದಲ್ಲಿ ಬ್ರಾಂಡೊ ಬ್ಲ್ಯಾಕ್ ರೆಬೆಲ್ಸ್ ಎಂಬ ತಂಡದ ನಾಯಕ ಜಾನಿಯಾಗಿ ನಟಿಸಿದರು. ಜಾನಿಯ ಬೈಕಿಗೆ ಕಟ್ಟಿರುವ ಟ್ರೋಫಿಯು ಅವನು ಗೆದ್ದದ್ದಲ್ಲ. ತಂಡದವನೊಬ್ಬ ಪಂದ್ಯವೊಂದರಲ್ಲಿ ಕದ್ದು ತಂದ ಎರಡನೆಯ ಬಹುಮಾನ. ತಂಡವು ಸಣ್ಣ ಊರೊಂದರಲ್ಲಿ ತಂಗಿದಾಗ ಮದ್ಯದಂಗಡಿಯ ಮಾಲೀಕ ವ್ಯಾಪಾರದ ಆಸೆಯಿಂದ ಅವರನ್ನು ಸ್ವಾಗತಿಸುತ್ತಾನೆ. ಲೀ ಮಾರ್ವಿನ್ ನಟಿಸಿದ ಚೀನೋ ಎಂಬವನ ತಂಡವೂ ಅಲ್ಲಿಗೆ ಬಂದ ಬಳಿಕ ಗಲಭೆ ಬೆಳೆಯುತ್ತದೆ. ಕೊನೆಗೆ ಊರಿನವರೇ ಕಾನೂನನ್ನು ಕೈಗೆತ್ತಿಕೊಂಡು ಜಾನಿಯನ್ನು ಥಳಿಸುತ್ತಾರೆ. ತಪ್ಪಿಸಿಕೊಂಡು ಹೋಗುತ್ತಿದ್ದ ಅವನತ್ತ ಯಾರೋ ಎಸೆದ ಕಬ್ಬಿಣದ ಸಲಾಕೆ ತಗುಲಿ ಅವನು ಬೀಳುತ್ತಾನೆ. ಸವಾರನಿಲ್ಲದ ಬೈಕ್ ಬಡಿದು ವೃದ್ಧನೊಬ್ಬ ಸಾಯುತ್ತಾನೆ. ಹೀಗೆ ಚಿತ್ರದಲ್ಲಿ ಸಂಭವಿಸುವ ಸಾವಿಗೆ ಕಾರಣವಾಗುವುದು ಸವಾರರ ಕ್ರೌರ್ಯವಲ್ಲ, ಊರಿನವರ ಆಕ್ರೋಶ.

ಚರ್ಮದ ಜಾಕೆಟ್, ಓರೆಯಾಗಿಟ್ಟ ಟೋಪಿ, ಜೀನ್ಸ್ ಮತ್ತು ಬ್ರಿಟಿಷ್ ತಯಾರಿಕೆಯ ಟ್ರಯಂಫ್ ಥಂಡರ್‌ಬರ್ಡ್ ಬೈಕ್ ಜಾನಿಯ ಗುರುತುಗಳಾಗಿದ್ದವು. ಇಂಥ ಚಿತ್ರದಲ್ಲಿ ತಮ್ಮ ಬೈಕ್ ಬಳಕೆಯಾದುದಕ್ಕೆ ಟ್ರಯಂಫ್‌ನ ಅಮೆರಿಕದ ಆಮದುದಾರರು ಆಕ್ಷೇಪ ವ್ಯಕ್ತಪಡಿಸಿದ್ದರು. ಬ್ರಿಟನ್ನಿನ ಸೆನ್ಸಾರ್ ಮಂಡಳಿಯು 1954ರಲ್ಲಿ ಚಿತ್ರಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಅದು ದೊರೆತದ್ದು 1967ರಲ್ಲಿ, ವಯಸ್ಕರಿಗೆ ಮಾತ್ರ ಎಂಬ ನಿರ್ಬಂಧದೊಡನೆ.

ಬೈಕ್ ಸಂಸ್ಕೃತಿಯ ಮೇಲಿನ ಪ್ರಭಾವ

ಅಮೆರಿಕದ ಬೈಕ್ ವಲಯದಲ್ಲಿ ಕಾನೂನುಬಾಹಿರ ತಂಡ ಎಂಬ ಮಾತು ಮೊದಲಿಗೆ ಮೇಲೆ ಹೇಳಿದ ಅಸೋಸಿಯೇಷನ್ನಿನ ಮಾನ್ಯತೆ ಇಲ್ಲದ ಕ್ಲಬ್ ಎಂಬಷ್ಟೇ ಅರ್ಥದಲ್ಲಿ ಬಳಕೆಯಲ್ಲಿತ್ತು. ಅದಕ್ಕೆ ಅಪರಾಧದ ಛಾಯೆ ಬರುವಲ್ಲಿ ಪತ್ರಿಕಾ ವರದಿಗಳೊಂದಿಗೆ ಸಿನಿಮಾದ ಪಾತ್ರವೂ ಇದೆ. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಹೆಲ್ಸ್ ಏಂಜಲ್ಸ್ ಕ್ಲಬ್ಬಿನ ಅನೇಕರು ಈ ಚಿತ್ರವನ್ನು ಮೆಚ್ಚಿಕೊಂಡಿದ್ದರು. ಕ್ಲಬ್ಬಿನ ಪ್ರಮುಖ ನಾಯಕ ಸನ್ನಿ ಬಾರ್ಜರ್ ಅವರಿಗೆ ಜಾನಿಗಿಂತ ಚೀನೋ ಪಾತ್ರವೇ ಹೆಚ್ಚು ಹಿಡಿಸಿತ್ತು. ಬ್ರಿಟನ್ನಿನ ರಾಕರ್ಸ್ ಯುವಕರೂ ಜಾನಿಯ ಉಡುಪನ್ನು ಹೋಲುವ ಚರ್ಮದ ಜಾಕೆಟ್‌ಗಳನ್ನು ಧರಿಸುತ್ತಿದ್ದರು.

1960ರ ದಶಕದಲ್ಲಿ ಈ ಬಗೆಯ ಚಿತ್ರಗಳ ಸಾಲೇ ಬಂದಿತು. ರೋಜರ್ ಕಾರ್ಮನ್ ಅವರ ದಿ ವೈಲ್ಡ್ ಏಂಜಲ್ಸ್ (1966) ಚಿತ್ರದಲ್ಲಿ ಹೆಲ್ಸ್ ಏಂಜಲ್ಸ್ ಸದಸ್ಯರೇ ಕಾಣಿಸಿಕೊಂಡರು. ಅದರ ನಾಯಕ ಪೀಟರ್ ಫೋಂಡಾ, ಬ್ರಾಂಡೊ ಅವರ ತಾಯಿ ರಂಗಭೂಮಿಗೆ ಕರೆತಂದ ಹೆನ್ರಿ ಫೋಂಡಾ ಅವರ ಮಗ. ಪೀಟರ್ ಫೋಂಡಾ ಮತ್ತು ಡೆನಿಸ್ ಹಾಪರ್ ನಟಿಸಿದ ಈಜಿ ರೈಡರ್ (1969) ಸವಾರನನ್ನು ತಂಡದಿಂದ ಬೇರ್ಪಡಿಸಿ ಸ್ವಾತಂತ್ರ್ಯವನ್ನು ಅರಸುವ ಪಯಣಿಗನನ್ನಾಗಿ ತೋರಿಸಿತು.

ಬ್ರಾಂಡೊ ಅವರ ನಿಲುವು

ಚಿತ್ರದ ಬಗ್ಗೆ ಬ್ರಾಂಡೊ ಅವರಿಗೆ ಸಮಾಧಾನವಿರಲಿಲ್ಲ. ಯುವಕರು ಗುಂಪು ಕಟ್ಟಿಕೊಂಡು ಹಿಂಸೆಗೆ ಇಳಿಯುವುದು ಏಕೆ ಎಂಬುದನ್ನು ಚಿತ್ರವು ಶೋಧಿಸಬೇಕೆಂದು ಅವರು ಬಯಸಿದ್ದರು. ಆದರೆ ಅದು ಹಿಂಸೆಯನ್ನು ತೋರಿಸುವಲ್ಲಿಗೇ ನಿಂತಿತೆಂದು ಅಭಿಪ್ರಾಯಪಟ್ಟರು. ಚಿತ್ರದ ಬಳಿಕ ಟಿ-ಶರ್ಟ್, ಜೀನ್ಸ್, ಚರ್ಮದ ಜಾಕೆಟ್‌ಗಳು ಬಂಡಾಯದ ಸಂಕೇತಗಳಾದುದು ತಮಗೆ ಅಚ್ಚರಿ ತಂದಿತೆಂದು 1994ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿದ್ದಾರೆ. ಮುಂದೆಂದೂ ಅವರು ಬೈಕ್ ತಂಡದ ನಾಯಕನ ಪಾತ್ರಕ್ಕೆ ಮರಳಲಿಲ್ಲ.

ನಂತರದ ಜೀವನ ಮತ್ತು ನಿಧನ

1963ರ ವಾಷಿಂಗ್ಟನ್ ನಾಗರಿಕ ಹಕ್ಕು ಮೆರವಣಿಗೆಯಲ್ಲಿ ಬ್ರಾಂಡೊ ಪಾಲ್ಗೊಂಡರು. ಮೂಲನಿವಾಸಿಗಳ ಮೀನುಗಾರಿಕೆ ಹಕ್ಕನ್ನು ಬೆಂಬಲಿಸಿ 1964ರಲ್ಲಿ ಬಂಧನಕ್ಕೊಳಗಾದರು. ಹಾಲಿವುಡ್ ಚಿತ್ರಗಳು ಮೂಲನಿವಾಸಿಗಳನ್ನು ಚಿತ್ರಿಸುವ ರೀತಿಯನ್ನು ಪ್ರತಿಭಟಿಸಿ 1973ರಲ್ಲಿ ತಮ್ಮ ಎರಡನೆಯ ಆಸ್ಕರ್ ಪ್ರಶಸ್ತಿಯನ್ನು ನಿರಾಕರಿಸಿದರು. ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಇವರು 2004ರ ಜುಲೈ 1ರಂದು ಲಾಸ್ ಏಂಜಲೀಸ್‌ನಲ್ಲಿ ತಮ್ಮ 80ನೆಯ ವಯಸ್ಸಿನಲ್ಲಿ ನಿಧನರಾದರು.