ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್

ಕುಡಿತ ಬಿಡಬೇಕೆಂದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೊರಟವನು, ನಾಚಿಕೆಯಿಂದ ಬಾಗಿಲಲ್ಲೇ ನಿಂತು ವಾಪಸ್ ಬಂದಿದ್ದೆ. ಆ ವಾರ ಬಿಲ್ ವಿಲ್ಸನ್ ಬದುಕಿನ ಕಥೆ ಓದಿದೆ.

1895ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದ ಬಿಲ್, ನ್ಯೂಯಾರ್ಕ್ ಷೇರುಪೇಟೆಯಲ್ಲಿ ಮೇಲೆ ಬಂದು ಕುಡಿತದಿಂದ ನೆಲಕಚ್ಚಿದವರು. 1934ರ ಡಿಸೆಂಬರ್‌ನಲ್ಲಿ ಕುಡಿತ ಬಿಟ್ಟರು. ಐದು ತಿಂಗಳಿಗೆ ಆಕ್ರನ್ ಊರಲ್ಲಿ ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ಬಿಲ್ ಫೋನ್ ಹಿಡಿದು, ತನ್ನಂತೆ ಕುಡಿತಕ್ಕೆ ಸಿಕ್ಕಿಬಿದ್ದ ಇನ್ನೊಬ್ಬರನ್ನು ಹುಡುಕಿದರು. ಸಿಕ್ಕವರು ಡಾ. ಬಾಬ್ ಸ್ಮಿತ್. ಕಾಲು ಗಂಟೆ ಸಾಕೆಂದು ಬಂದ ವೈದ್ಯರು ಗಂಟೆಗಟ್ಟಲೆ ಕೂತರು. ಅವರು ಕೊನೆಯ ಸಲ ಕುಡಿದ 1935ರ ಜೂನ್ 10 ಈ ಸಂಘದ ಹುಟ್ಟುದಿನವಾಯಿತು. 1971ರಲ್ಲಿ ತೀರಿಕೊಳ್ಳುವವರೆಗೂ ಬಿಲ್ ಮತ್ತೆ ಕುಡಿಯಲಿಲ್ಲ.

ಮುಂದಿನ ವಾರ ನಾನು ಒಳಗೆ ಹೋಗಿ ಕೂತೆ.